ಕೂಲಿಯ ಬದಲು ಬಂದ ಖೋಲಿ

ಗೌಂಡಿ ಅಣವೀರಪ್ಪನ ಹೆಸರು ಕಿವಿಗೆ ಬಿದ್ದರೆ ನನಗೆ ಮೊದಲು ಬರುವುದು ಸಿಟ್ಟು. ನಾಚಿಕೆಯೂ ಬರುತ್ತದೆ, ಅದು ಆಮೇಲೆ. ಬೊಂಬಾಯಿಯಲ್ಲಿ ಇಪ್ಪತ್ತು ವರ್ಷ ಇಟ್ಟಿಗೆ ಕಟ್ಟಿದವನು, ಶೇಠ್‌ಗಳ ಕೈಯಲ್ಲೂ ದಲಾಲರ ಕೈಯಲ್ಲೂ ಪೆಟ್ಟು ತಿಂದವನು, ಇನ್ನೊಬ್ಬನ ಬಾಯಿಮಾತನ್ನು ಅಷ್ಟು ಸುಲಭಕ್ಕೆ ನಂಬಬಹುದೇ? ನಂಬಿದ್ದು ಅವನದೇ ತಪ್ಪು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗೆ ಹೇಳಿಕೊಂಡ ದಿನ ಊಟ ಸೇರುತ್ತಿತ್ತು.

ನಾನು ಚೆನ್ನಯ, ಉಡುಪಿ ಕಡೆಯವನು. ಹದಿನಾಲ್ಕನೆಯ ವಯಸ್ಸಿಗೆ ಬೊಂಬಾಯಿಗೆ ಬಂದು, ಕಪ್ಪು ತೊಳೆದು, ಟೇಬಲ್ ಒರೆಸಿ, ಸಪ್ಲೈಯರ್ ಆಗಿ, ಕೊನೆಗೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂತವನು. ಅಣವೀರಪ್ಪ ನನಗೆ ಪರಿಚಯವಾದದ್ದು ಅರವತ್ತೆಂಟರಲ್ಲಿ. ನಮ್ಮ ಅಡುಗೆಮನೆಯ ಹಿಂದಿನ ಗೋಡೆ ಹೊಗೆಗೂ ನೀರಿಗೂ ಸಿಕ್ಕಿ ಉಬ್ಬಿಹೋಗಿತ್ತು. ಅದನ್ನು ಕೆಡವಿ ಕಟ್ಟಲು ಆಳಂದ ಕಡೆಯ ಒಂದು ಗ್ಯಾಂಗು ಬಂತು. ಹನ್ನೊಂದು ಜನ, ಎಲ್ಲರೂ ಒಂದೇ ಊರಿನವರು, ಅಣ್ಣತಮ್ಮ, ಭಾವಮೈದುನ ಎಂದು ಒಬ್ಬರಿಗೊಬ್ಬರು ಸಂಬಂಧಿಕರು. ಅವರಿಗೆ ಮೇಸ್ತ್ರಿ ಅಣವೀರಪ್ಪ. ಕೆಲಸ ಹಿಡಿಯುವವನು ಅವನು, ಶೇಠ್‌ಗಳ ಹತ್ತಿರ ಮಾತಾಡುವವನು ಅವನು, ಬಂದ ಕೂಲಿಯನ್ನು ಎಲ್ಲರಿಗೂ ಹಂಚುವವನೂ ಅವನೇ.

ಮೂರನೆಯ ದಿನ ಸಂಜೆ ಗೋಡೆ ಎದೆಮಟ್ಟಕ್ಕೆ ಬಂದಿತ್ತು. ಅಣವೀರಪ್ಪ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟು ನೋಡಿದ. ಗೋಡೆ ಒಂದು ಬೆರಳು ವಾಲಿದೆ ಎಂದ.

"ಅಡುಗೆಮನೆ ಗೋಡೆ ಮಾರಾಯ್ರೆ, ಯಾರು ನೋಡ್ತಾರೆ? ಮೇಲೆ ಸಾರಣೆ ಮಾಡಿದ್ರೆ ಮುಗೀತಲ್ಲ," ಎಂದೆ.

"ಗಿಲಾವ್ ಹಚ್ಚಿದ್ರ ನಿಮಗ ಕಾಣಂಗಿಲ್ರಿ. ನನಗ ಕಾಣ್ತದಲ್ಲ," ಎಂದು ಅದನ್ನು ಒದ್ದು ಬೀಳಿಸಿ ಮೊದಲಿನಿಂದ ಕಟ್ಟಿಸಿದ. ಹಾಳಾದ ಮೂರು ದಿನದ ಕೂಲಿಯನ್ನು ನಮ್ಮ ಯಜಮಾನರ ಹತ್ತಿರ ಕೇಳಲೂ ಇಲ್ಲ. ಇವನಿಗೆ ತಲೆ ಸರಿ ಇಲ್ಲ ಎಂದುಕೊಂಡೆ. ಆದರೆ ಅಂದಿನಿಂದ ಅವನ ಮೇಲೆ ನನಗೆ ಒಂದು ಗೌರವ ಹುಟ್ಟಿತು. ಆ ಕಡೆ ಬಂದಾಗಲೆಲ್ಲ ಅವನು ಹೋಟೆಲಿಗೆ ಬಂದು ಗಲ್ಲಾದ ಪಕ್ಕ ನಿಂತು ಒಂದು ಚಹಾ ಕುಡಿದು ಹೋಗುತ್ತಿದ್ದ.

ಆ ವರ್ಷಗಳಲ್ಲಿ ಬೊಂಬಾಯಿಗೆ ಖೋಲಿಯ, ಅಂದರೆ ಒಂದು ಕೋಣೆಯ ಮನೆಯ, ಹುಚ್ಚು ಹಿಡಿದಿತ್ತು. ನಮ್ಮ ಹೋಟೆಲಿನ ಮೂಲೆಯ ಟೇಬಲಿನಲ್ಲಿ ಬೆಳಿಗ್ಗೆ ಹತ್ತಕ್ಕೆ ದಲಾಲರು ಕೂತರೆ ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ದಹಿಸರಿನಲ್ಲಿ ಕೆಸರುಗದ್ದೆ ಇರುವಾಗಲೇ ಅದರ ಮೇಲೆ ಬರಲಿರುವ ಬಿಲ್ಡಿಂಗಿನ ಮೂರನೆಯ ಮಾಳಿಗೆಯ ಖೋಲಿ ಮಾರಾಟವಾಗುತ್ತಿತ್ತು. ಬುಕಿಂಗ್ ಚೀಟಿ ಒಂದು ಮಸಾಲೆದೋಸೆ ಮುಗಿಯುವಷ್ಟರಲ್ಲಿ ಕೈ ಬದಲಾಗುತ್ತಿತ್ತು. ಇದನ್ನೆಲ್ಲ ನೋಡುತ್ತ ಗಲ್ಲಾದಲ್ಲಿ ಸುಮ್ಮನೆ ಕೂರಲು ನಾನೇನು ಸನ್ಯಾಸಿಯೇ? ಎಪ್ಪತ್ತೊಂದರಲ್ಲಿ ದಹಿಸರಿನದೇ ಒಂದು ಚೀಟಿ ಹಿಡಿದೆ, ನಾಲ್ಕು ತಿಂಗಳಲ್ಲಿ ಮಾರಿದೆ, ಒಂದು ವರ್ಷದ ಸಂಬಳದಷ್ಟು ಲಾಭ ಬಂತು. ಇನ್ನು ಕೇಳುವುದೇ ಬೇಡ. ಹೆಂಡತಿ ವಾರಿಜಾಳ ಬಳೆ, ಸರ ಎಲ್ಲವನ್ನೂ ಮಾರಿ ಅಲ್ಲೇ ಇನ್ನೊಂದು ಬಿಲ್ಡಿಂಗಿಗೆ ಹಾಕಿದೆ. ಅದು ಅಡಿಪಾಯದಿಂದ ಮೇಲೆ ಏಳಲೇ ಇಲ್ಲ. ಆ ಮಾತು ಆಮೇಲೆ ಬರುತ್ತದೆ.

ಅಣವೀರಪ್ಪ ಆಗ ಮುಲುಂಡಿನಲ್ಲಿ ಒಬ್ಬ ಶೇಠ್‌ನ ಬಿಲ್ಡಿಂಗ್ ಕಟ್ಟುತ್ತಿದ್ದ. ಕೆಳಗೆ ಅಂಗಡಿ, ಮೇಲೆ ಮೂರು ಮಾಳಿಗೆ. ಗ್ಯಾಂಗಿನವರ ವಾಸ ಅದೇ ಜಾಗದಲ್ಲಿ, ತಗಡಿನ ಗುಡಿಸಲುಗಳಲ್ಲಿ. ಎಪ್ಪತ್ತಮೂರರ ಸಂಕ್ರಾಂತಿ ಕಳೆದ ಮೇಲೆ ಶೇಠ್ ಒಂದು ಮಾತು ತೆಗೆದ: ಎಂಟು ತಿಂಗಳು ಊಟದ ಖರ್ಚು ಮಾತ್ರ ಕೊಡುತ್ತೇನೆ, ಉಳಿದ ಕೂಲಿಯ ಬದಲು ಎರಡನೆಯ ಮಾಳಿಗೆಯ ಒಂದು ಖೋಲಿ ಬರೆದುಕೊಡುತ್ತೇನೆ. ಇವತ್ತಿನ ರೇಟಿಗೆ ಲೆಕ್ಕ ಹಿಡಿಯುತ್ತೇನೆ, ಕಟ್ಟಿ ಮುಗಿಯುವಾಗ ಅದು ಒಂದೂವರೆ ಪಟ್ಟು ಆಗಿರುತ್ತದೆ.

ಅಣವೀರಪ್ಪ ಅಂದು ಸಂಜೆ ಎಲ್ಲರನ್ನೂ ಕೂರಿಸಿ ಕೇಳಿದನಂತೆ. ಅವನ ಭಾವಮೈದುನ ಹಣಮಂತನೇ ಮೊದಲು ಬಾಯಿ ಬಿಟ್ಟವನು.

"ಮಾವಾ, ಇಷ್ಟು ವರ್ಷ ಮಂದಿಗಿ ಮನಿ ಕಟ್ಟಿ ನಾವು ತಗಡಿನ ಕೆಳಗ ಮಲಗೀವಿ. ಒಂದರ ನಮ್ಮದು ಇರ್ಲಿ. ಮಾರಿ ಹಂಚ್ಕೊಂಡ್ರ ಊರಾಗ ತಲಿಗೊಂದು ಎತ್ತಿನ ಜೋಡಿ ಬರ್ತದ."

"ಶೇಠ್ ಕೈ ಕೊಟ್ರ?" ಎಂದು ಯಾರೋ ಕೇಳಿದರು.

"ಹ್ಯಾಂಗ ಕೊಡ್ತಾನ? ಕಟ್ಟಾವ್ರು ನಾವ. ನಮ್ಮ ಕೈಯಾಗ ಅದ ಬಿಲ್ಡಿಂಗ," ಎಂದ ಅಣವೀರಪ್ಪ. ಹನ್ನೊಂದು ಹೆಬ್ಬೆಟ್ಟು ಬಿತ್ತು.

ಈ ಮಾತನ್ನು ಅವನು ನನಗೆ ಹೇಳಿದಾಗ ನಾನೇ ಅವನ ಬೆನ್ನು ತಟ್ಟಿದೆ. ಗೌಂಡಿಯೊಬ್ಬ ಮಾತ್ರ ಮಾಡಬಹುದಾದ ತಪ್ಪು ಅದು ಎಂದು ಆಗ ನಮಗಿಬ್ಬರಿಗೂ ಹೊಳೆಯಲಿಲ್ಲ. ಅಲ್ಲಿಯ ತನಕ ಬಿಲ್ಡಿಂಗಿನ ಕೆಲಸ ನಿಂತುಹೋದರೆ ಶೇಠ್‌ಗೆ ನಷ್ಟ, ಅಣವೀರಪ್ಪನಿಗೆ ಇನ್ನೊಂದು ಕೆಲಸ. ಹೆಬ್ಬೆಟ್ಟು ಒತ್ತಿದ ದಿನದಿಂದ ಶೇಠ್‌ನ ಆತುರ ಇವನ ಆತುರವೂ ಆಯಿತು.

ಆ ವರ್ಷ ಜೂನ್ ಹೊತ್ತಿಗೆ ಸಿಮೆಂಟಿನ ಬರ ಬಂತು. ಪರ್ಮಿಟ್ ಇದ್ದರೂ ಚೀಲ ಇಲ್ಲ, ಕಾಳಸಂತೆಯಲ್ಲಿ ಬೆಲೆ ಕೇಳುವ ಹಾಗಿಲ್ಲ. ಹಿಂದಿನ ಮೂಲೆಯ ಕಂಬ ಎರಕ ಹೊಯ್ಯುವ ದಿನ ಬೇಕಾದ ಸಿಮೆಂಟಿನ ಅರ್ಧವೂ ಇರಲಿಲ್ಲ. ರೇತಿಯೂ ನದಿಯ ಮರಳಲ್ಲ, ಸಮುದ್ರದ ಖಾಡಿಯಿಂದ ತಂದ ಉಪ್ಪು ರೇತಿ. ಅಣವೀರಪ್ಪ ಆಗುವುದಿಲ್ಲ ಎಂದ. ಶೇಠ್ ಸಿಟ್ಟಾಗಲಿಲ್ಲ. ಕಾರಿನ ಬಾಗಿಲು ತೆರೆದಿಟ್ಟುಕೊಂಡು ಇಷ್ಟೇ ಹೇಳಿದ: "ಹಾಗಾದರೆ ಕೆಲಸ ನಿಲ್ಲಿಸು. ಮಳೆಗಾಲ ಪೂರ್ತಿ ನಿಲ್ಲಲಿ. ಬಿಲ್ಡಿಂಗು ಇಲ್ಲ ಅಂದರೆ ನಿನ್ನ ಖೋಲಿಯೂ ಇಲ್ಲ."

ಅಡುಗೆಮನೆಯ ಗೋಡೆ ಒಂದು ಬೆರಳು ವಾಲಿತೆಂದು ಒದ್ದು ಬೀಳಿಸಿದ ಮನುಷ್ಯ ಆವತ್ತು ಆ ಕಂಬ ಹೊಯ್ದ. ಬೇರೆಯವರ ಕೈಯಲ್ಲಿ ಮಾಡಿಸಲಿಲ್ಲ, ತಾನೇ ಕೈಯಾರೆ ಹೊಯ್ದ. ಹನ್ನೊಂದು ಮನೆಗಳ ಎಂಟು ತಿಂಗಳ ಅನ್ನ ಆ ಖೋಲಿಯಲ್ಲಿತ್ತು. ಕಂಬ ಒಣಗಿದ ಮೇಲೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಿದನಂತೆ. ಸದ್ದು ಸರಿ ಇರಲಿಲ್ಲ ಎಂದು ಐದು ವರ್ಷದ ಮೇಲೆ ನನ್ನ ಎದುರು ಹೇಳಿದ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಬಿಲ್ಡಿಂಗ್ ಎದ್ದು ನಿಂತಿತು. ಅಷ್ಟರಲ್ಲಿ ಕೊಳ್ಳುವವರು ಮಾಯವಾಗತೊಡಗಿದ್ದರು. ಬ್ಯಾಂಕು ಸಾಲ ನಿಲ್ಲಿಸಿತು, ಸ್ಮಗ್ಲರ್‌ಗಳನ್ನು ಹಿಡಿದು ಒಳಗೆ ಹಾಕಿದರು, ಕಪ್ಪು ಹಣ ಇದ್ದವರೆಲ್ಲ ಅದನ್ನು ಎಲ್ಲಿ ಹೂಳಬೇಕೆಂದು ನೋಡುತ್ತಿದ್ದರು. ನಮ್ಮ ಹೋಟೆಲಿನ ಮೂಲೆಯ ಟೇಬಲು ಖಾಲಿಯಾಯಿತು. ದಿನಕ್ಕೆ ಹತ್ತು ಚಹಾ ತರಿಸುತ್ತಿದ್ದ ದಲಾಲನೊಬ್ಬ ಒಂದು ದಿನ ಬಂದು ಎರಡು ಇಡ್ಲಿ ತಿಂದು, ನಾಳೆ ಕೊಡುತ್ತೇನೆ ಎಂದು ಹೋದವನು ಮತ್ತೆ ಕಾಣಲಿಲ್ಲ. ನನ್ನ ದಹಿಸರಿನ ಚೀಟಿ ಹಿಡಿದುಕೊಂಡು ಹೋದರೆ ಬಿಲ್ಡರನ ಆಫೀಸಿಗೆ ಬೀಗ. ಸ್ಥಳಕ್ಕೆ ಹೋದರೆ ಅಡಿಪಾಯದ ಗುಂಡಿಯಲ್ಲಿ ನೀರು ನಿಂತು ಎಮ್ಮೆಗಳು ಮಲಗಿದ್ದವು. ವಾರಿಜಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರಿಗೈಯಲ್ಲಿ ಬಟ್ಟೆ ಒಗೆಯುವ ಅವಳನ್ನು ನೋಡಲಾರದೆ ಬೆಳಿಗ್ಗೆ ಬೇಗ ಹೋಟೆಲಿಗೆ ಹೊರಟುಬಿಡುತ್ತಿದ್ದೆ.

ಮುಲುಂಡಿನ ಶೇಠ್ ಖೋಲಿಯ ಕಾಗದ ಬರೆದುಕೊಟ್ಟು ಆ ಕಡೆ ಬರುವುದನ್ನೇ ಬಿಟ್ಟ. ಗ್ಯಾಂಗು ಒಡೆಯಿತು. ಅರ್ಧ ಜನ ಊರಿಗೆ ಹೋದರು, ಉಳಿದವರು ಸಿಕ್ಕ ಸಿಕ್ಕ ಕೆಲಸ ಹಿಡಿದರು. ಮಾರಾಟವಾಗದ ಖೋಲಿಯನ್ನು ಹಿಡಿದುಕೊಂಡು ಅಣವೀರಪ್ಪ ಅಲ್ಲೇ ಉಳಿದ. ಎರಡು ಮಳೆಗಾಲ ಅದರಲ್ಲೇ ಇದ್ದ. ಖೋಲಿಯ ನೇರ ಕೆಳಗಿದ್ದ ಆ ಮೂಲೆಯ ಕಂಬದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಾಗ ಅದರ ಅಡ್ಡಕ್ಕೆ ಒಂದು ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿದ. ಬಿರುಕು ಅಗಲವಾದರೆ ಗಾಜು ಒಡೆಯುತ್ತದೆ. ಒಡೆಯದಿದ್ದರೆ ಕಂಬ ಇನ್ನೂ ತಡೆದುಕೊಂಡಿದೆ ಎಂದು ಅರ್ಥ. ಅವರ ಕಸುಬಿನಲ್ಲಿ ಇದು ಗೊತ್ತಿದ್ದ ಉಪಾಯ. ದಿನವೂ ಎದ್ದ ಕೂಡಲೇ ಕೆಳಗಿಳಿದು ಅದನ್ನು ನೋಡುತ್ತಿದ್ದ.

ಎಪ್ಪತ್ತಾರರಲ್ಲಿ ನಾನು ಮನೆಗಾಗಿ ಅಲೆಯುತ್ತಿದ್ದೆ. ಗ್ರಾಂಟ್ ರೋಡಿನ ಚಾಳಿನಲ್ಲಿ ಇನ್ನೊಬ್ಬರ ಖೋಲಿಯ ಅರ್ಧದಲ್ಲಿ ನಾನು, ವಾರಿಜಾ, ಇಬ್ಬರು ಹೆಣ್ಣುಮಕ್ಕಳು. ಯಜಮಾನರು ಕೈಸಾಲ ಕೊಡುತ್ತೇನೆಂದರು. ಆದರೆ ಚೀಟಿಯ ಮೇಲೆ ಒಂದು ಪೈಸೆ ಹಾಕುವುದಿಲ್ಲ ಎಂದು ನಾನು ಆಣೆ ಮಾಡಿಕೊಂಡಿದ್ದೆ. ಕಣ್ಣಿಗೆ ಕಾಣುವ ಗೋಡೆ ಬೇಕು, ಕೈಯಲ್ಲಿ ಬೀಗದಕೈ ಬೇಕು. ಅಣವೀರಪ್ಪನ ಖೋಲಿ ನೆನಪಾಯಿತು, ಹೋಟೆಲಿಗೆ ಬಂದಾಗ ಅವನನ್ನು ಕೇಳಿದೆ.

"ಬ್ಯಾಡ್ರಿ ಚೆನ್ನಯಣ್ಣಾರ. ಬ್ಯಾರೆ ನೋಡ್ರಿ," ಎಂದ. ಮತ್ತೆ ಕೇಳಿದೆ, ಮತ್ತೆ ಅದೇ ಮಾತು. ಮೂರನೆಯ ಸಲ ನನಗೆ ರೇಗಿತು. ರೇಟು ಏರಲಿ ಎಂದು ಕಾಯುತ್ತೀರಾ, ಗೌಂಡಿ ಹೋಗಿ ಶೇಠ್ ಆದಿರಾ ಎಂದು ಚುಚ್ಚಿದೆ. ಅವನು ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದುಹೋದ.

ಅವನನ್ನು ಬಗ್ಗಿಸಿದ್ದು ನಾನಲ್ಲ, ಹಣಮಂತನ ಹೆಂಡತಿ ಸುಂದ್ರವ್ವ. ಹಣಮಂತ ಎಲ್ಲೋ ಕೆಲಸ ಮಾಡುವಾಗ ಪರಾಂಚಿಯಿಂದ, ಬಿದಿರಿನ ಅಟ್ಟಣಿಗೆಯಿಂದ, ಬಿದ್ದು ಸೊಂಟ ಮುರಿದುಕೊಂಡು ಊರಲ್ಲಿ ಮಲಗಿದ್ದ. ಸುಂದ್ರವ್ವ ಮುಲುಂಡಿಗೆ ಬಂದು ಆ ಖೋಲಿಯ ಹೊಸ್ತಿಲಲ್ಲಿ ಕೂತಳು. ನಮ್ಮ ಪಾಲು ಕೊಡು, ಇಲ್ಲವೇ ನಿನ್ನ ಮುಂದೆಯೇ ಸಾಯುತ್ತೇನೆ ಎಂದು ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಐದನೆಯ ದಿನ ಅಣವೀರಪ್ಪ ಹೋಟೆಲಿಗೆ ಬಂದು, ತಗೋರಿ, ಎಂದ. ಎಪ್ಪತ್ತಮೂರರ ಬೆಲೆಗಿಂತ ಮೂರರಲ್ಲಿ ಒಂದು ಪಾಲು ಕಡಿಮೆಗೆ ನನಗೆ ಸಿಕ್ಕಿತು. ಬಂದದ್ದನ್ನು ಉಳಿದವರಿಗೆಲ್ಲ ಹಂಚಿ ತಾನು ಬರಿಗೈಯಲ್ಲಿ ಹೋದ. ಅದನ್ನು ಕೇಳಿ, ಪಾಪ, ಎಂಥ ಮನುಷ್ಯ, ಎಂದಳು ವಾರಿಜಾ.

ಪಾಪವೂ ಇಲ್ಲ, ಪುಣ್ಯವೂ ಇಲ್ಲ. ನನಗೆ ಹೇಳಬೇಕಾದದ್ದನ್ನು ಅವನು ಹೇಳಲಿಲ್ಲ, ಅಷ್ಟೇ.

ಎರಡು ವರ್ಷ ಅಲ್ಲಿ ಇದ್ದೆವು. ನನ್ನ ಜೀವಮಾನದಲ್ಲಿ ನೆಮ್ಮದಿಯಿಂದ ಮಲಗಿದ್ದು ಆ ಎರಡು ವರ್ಷ. ಅಣವೀರಪ್ಪ ತಿಂಗಳಿಗೊಮ್ಮೆ ಭಾನುವಾರ ಬರುತ್ತಿದ್ದ. ಮಕ್ಕಳಿಗೆ ಶೇಂಗಾ ತರುತ್ತಿದ್ದ, ವಾರಿಜಾ ಕೊಟ್ಟ ಕಾಫಿ ಕುಡಿಯುತ್ತಿದ್ದ. ಹೋಗುವಾಗ ಕೆಳಗೆ ಪಂಪಿನ ಕೋಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಂಬವನ್ನು ನೋಡುತ್ತಿದ್ದ. ತಾನು ಕಟ್ಟಿದ್ದರ ಮೇಲೆ ಮುದುಕನಿಗೆ ಎಷ್ಟು ಮಮತೆ ಎಂದು ನಾವು ನಗುತ್ತಿದ್ದೆವು.

ಎಪ್ಪತ್ತೆಂಟರ ಜೂನ್, ಮೊದಲ ಮಳೆ ಬಿದ್ದ ಭಾನುವಾರ ಅವನು ಮೇಲೆ ಬರಲಿಲ್ಲ. ಕೆಳಗಿನಿಂದಲೇ ನನ್ನನ್ನು ಕರೆದ. ಹೋದೆ. ಗಾಜಿನ ಪಟ್ಟಿ ನಡುವೆ ಸೀಳಿತ್ತು. ಅಲ್ಲೇ ನಿಂತು ಎಲ್ಲ ಹೇಳಿದ: ಸಿಮೆಂಟು, ಖಾಡಿಯ ರೇತಿ, ಶೇಠ್‌ನ ಮಾತು, ಗೆಣ್ಣಿನಿಂದ ಬಡಿದಾಗ ಬಂದ ಸದ್ದು. ಮೇಲೆ ನನ್ನ ಚಿಕ್ಕ ಮಗಳು ಕುಂಟೆಬಿಲ್ಲೆ ಆಡುತ್ತಿದ್ದ ಸದ್ದು ಕೇಳುತ್ತಿತ್ತು. ನಾನು ಅವನ ಕೆನ್ನೆಗೆ ಹೊಡೆದೆ. ನನಗಿಂತ ಹತ್ತು ವರ್ಷ ದೊಡ್ಡವನು.

"ಹೊಡೀರಿ. ಇನ್ನೊಂದು ಹೊಡೀರಿ. ಆದ್ರ ಮಳಿ ಜೋರಾಗೂದರೊಳಗ ಏನರ ಮಾಡ್ಬೇಕ್ರಿ."

"ನನ್ನ ದುಡ್ಡು ಕೊಡು. ಈಗಲೇ ಕೊಡು."

"ಎಲ್ಲಿಂದ ಕೊಡ್ಲಿರಿ? ಹತ್ತು ಮನಿಯಾಗ ಕರಗಿ ಹೋಗ್ಯಾದ." ಆಮೇಲೆ ಮೆಲ್ಲಗೆ ಹೇಳಿದ: "ಇದನ್ನ ಸರಿ ಮಾಡ್ಲಿಕ್ಕಿ ಬರ್ತದ್ರಿ. ಮರದ ದಿಮ್ಮಿ ಆನಿಸಿ, ಕಂಬದ ಸುತ್ತ ಕಬ್ಬಿಣ ಕಟ್ಟಿ ಹೊಸಾ ಕಾಂಕ್ರೀಟ್ ಹಾಕಬೇಕು. ಈ ಮೂಲಿ ಮಂದಿ ಎರಡು ತಿಂಗಳ ಮನಿ ಬಿಡಬೇಕು, ಒಬ್ಬ ಇಂಜಿನಿಯರ್ ಬೇಕು. ದುಡಿಮಿ ನಂದು, ಒಂದು ಪೈಸಾ ಬ್ಯಾಡ. ಬಿಲ್ಡಿಂಗ್ ಸೊಸೈಟಿ ಮಂದಿಗಿ ಇವತ್ತ ಹೇಳೂನು ನಡೀರಿ."

ಸರಿ ಮಾಡಬಹುದಿತ್ತು. ಈ ಮಾತನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಎಲ್ಲರೂ ಸೇರಿದ್ದರೆ ಎರಡು ತಿಂಗಳಲ್ಲಿ ಸರಿ ಆಗುತ್ತಿತ್ತು.

ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಅಷ್ಟು ಹೊತ್ತಿಗೆ ಮಾರ್ಕೆಟ್ ಮತ್ತೆ ಎದ್ದಿತ್ತು. ದುಬೈ ದುಡ್ಡು ಬರತೊಡಗಿತ್ತು, ಮೂಲೆಯ ಟೇಬಲಿಗೆ ಹೊಸ ದಲಾಲರು ಬಂದಿದ್ದರು. ನನ್ನ ಖೋಲಿಗೆ ಕೊಟ್ಟದ್ದರ ಹತ್ತಿರ ಹತ್ತಿರ ಎರಡರಷ್ಟು ಬರುತ್ತದೆಂದು ಹೋದ ವಾರವೇ ಒಬ್ಬ ಹೇಳಿದ್ದ. ಸೊಸೈಟಿಗೆ ಒಂದು ಮಾತು ಹೋದರೆ ಅದರ ಬೆಲೆ ಸೊನ್ನೆ. ದಹಿಸರಿನ ಗುಂಡಿ ನೆನಪಾಯಿತು. ಎರಡನೆಯ ಸಲ ವಾರಿಜಾಳ ಎದುರು ಬರಿಗೈಯಲ್ಲಿ ನಿಲ್ಲುವ ಶಕ್ತಿ ನನಗಿರಲಿಲ್ಲ.

"ನೀವು ಹೋಗಿ ಹೇಳಿದ್ರೆ ಮೊದಲು ಪೊಲೀಸರನ್ನು ಕರೀತಾರೆ ಮಾರಾಯ್ರೆ," ಎಂದೆ. ಸಿಟ್ಟು ಇಳಿದವನ ಹಾಗೆ ಮಾತಾಡಿದೆ. "ಸೆಕ್ರೆಟರಿ ನನ್ನ ಪರಿಚಯದವರು. ನಾನು ಸಮಯ ನೋಡಿ ಹೇಳ್ತೇನೆ. ಇಂಜಿನಿಯರನ್ನೂ ಕರೆಸ್ತೇನೆ. ನೀವು ಬಾಯಿ ಹಾಕ್ಬೇಡಿ, ಆಯ್ತಾ?"

ಅವನು ಎರಡೂ ಕೈ ಜೋಡಿಸಿದ.

ಒಂದೂವರೆ ತಿಂಗಳಲ್ಲಿ ಮಾರಿದೆ. ಕೊಂಡವರು ನಮ್ಮ ಊರಿನ ಕಡೆಯವರೇ, ಶೇಖರ ಮತ್ತು ಅವನ ಹೆಂಡತಿ ಶೀಲಾವತಿ. ಶೇಖರ ಫೋರ್ಟ್ ಕಡೆ ಒಂದು ಕ್ಯಾಂಟೀನಿನಲ್ಲಿ ಅಡುಗೆಯವನು. ಶೀಲಾವತಿ ಹೊಲಿಗೆ ಹೊಲಿಯುತ್ತಿದ್ದಳು. ಒಂಬತ್ತು ವರ್ಷ ರವಿಕೆ ಹೊಲಿದು ಕೂಡಿಟ್ಟದ್ದು ಅವಳ ಪಾಲು. ಬಂದವಳೇ ಕಿಟಕಿಯ ಹತ್ತಿರ ಹೋಗಿ ನಿಂತಳು. "ಇಲ್ಲಿ ಮೆಶಿನ್ ಇಟ್ರೆ ಹಗಲು ಲೈಟೇ ಬೇಡ," ಎಂದು ವಾರಿಜಾಳಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಅಣ್ಣಾ, ನಮಗೆ ಇದೆಲ್ಲ ಗೊತ್ತಾಗುದಿಲ್ಲ. ಬಿಲ್ಡಿಂಗ್ ಗಟ್ಟಿ ಉಂಟಲ್ಲ?"

ನೇರ ಪ್ರಶ್ನೆ. ಅಣವೀರಪ್ಪನನ್ನು ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನ್ನನ್ನು ಕೇಳಿದಳು.

"ಇದನ್ನು ಕಟ್ಟಿದ ಮೇಸ್ತ್ರಿಯೇ ನನಗೆ ಗೊತ್ತು," ಎಂದೆ. "ಒಂದು ಬೆರಳು ವಾಲಿದ್ರೆ ಇಡೀ ಗೋಡೆ ಕೆಡವಿ ಕಟ್ಟುವ ಮನುಷ್ಯ."

ಶೀಲಾವತಿಗೆ ಅಷ್ಟೇ ಸಾಕಾಯಿತು. ವಾರಿಜಾ ಅವಳಿಗೆ ಕುಂಕುಮ ಕೊಟ್ಟಳು, ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಹೇಳಿಕೊಟ್ಟಳು. ವಾರಿಜಾಳಿಗೆ ಕಂಬದ ವಿಷಯ ನಾನು ಹೇಳಿರಲಿಲ್ಲ. ಬಂದ ದುಡ್ಡಿನಲ್ಲಿ ಮುಲುಂಡಿನ ಇನ್ನೊಂದು ಮಗ್ಗುಲಲ್ಲಿ ಬೇರೆ ಖೋಲಿ ಕೊಂಡೆ. ಕೊಳ್ಳುವ ಮೊದಲು ಒಬ್ಬ ಇಂಜಿನಿಯರನಿಗೆ ಫೀಸು ಕೊಟ್ಟು ಒಂದೊಂದು ಕಂಬವನ್ನೂ ಬಡಿಸಿ ನೋಡಿದೆ.

ಅಣವೀರಪ್ಪ ಹೋಟೆಲಿಗೆ ಬಂದ.

"ಹೇಳಿದ್ರೇನ್ರಿ?"

"ಹೇಳಿದೆ. ಸೊಸೈಟಿಗೂ ಹೇಳಿದೆ, ತೆಗೊಂಡವರಿಗೂ ಹೇಳಿದೆ. ಮಳೆ ನಿಂತ ಮೇಲೆ ರಿಪೇರಿ ಮಾಡಿಸ್ತಾರಂತೆ, ಅವರದ್ದೇ ಕಂಟ್ರಾಕ್ಟರ್ ಇದ್ದಾನಂತೆ."

"ಗೊತ್ತಿದ್ದೂ ತಗೊಂಡ್ರ?"

"ರೇಟು ಕಡಿಮೆ ಮಾಡಿ ಕೊಟ್ಟೆ."

ಅವನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಐದು ವರ್ಷ ಎದೆಯ ಮೇಲೆ ಇದ್ದದ್ದು ಇಳಿಯಿತು ಎಂದ. ಮುಖ ಹಗುರವಾಗಿತ್ತು. ನಾನು ಅವನಿಗೆ ಎರಡು ಬನ್ಸು ತರಿಸಿಕೊಟ್ಟೆ, ತಿಂದ. ದಹಿಸರಿನಲ್ಲಿ ಹೊಸ ಕೆಲಸ ಸಿಕ್ಕಿದೆ, ಅಲ್ಲೇ ಗುಡಿಸಲು ಹಾಕುತ್ತೇನೆ ಎಂದು ಹೇಳಿ ಹೋದ. ಆಮೇಲೆ ಅವನು ಮುಲುಂಡಿಗೆ ಹೋಗಲಿಲ್ಲ. ಯಾಕೆ ಹೋಗಬೇಕು? ನೋಡಿಕೊಳ್ಳಬೇಕಾದವರಿಗೆ ವಿಷಯ ಗೊತ್ತಿದೆ ಎಂದು ಅವನು ನಂಬಿದ್ದ. ಆ ಬಿಲ್ಡಿಂಗಿಗೆ ಇದ್ದದ್ದು ಒಬ್ಬನೇ ಒಬ್ಬ ಕಾವಲುಗಾರ, ಅವನನ್ನು ನಾನು ಎರಡು ಬನ್ಸು ಕೊಟ್ಟು ಕಳಿಸಿದೆ. ದೀಪಾವಳಿಗೆ ಕೆಳಗಿನ ಅಂಗಡಿಯವರು ಆ ಕಂಬಕ್ಕೆ ಸುಣ್ಣ ಹೊಡೆದರು. ಬಿರುಕು, ಗಾಜು ಎರಡೂ ಅದರಡಿ ಮುಚ್ಚಿಹೋದವು ಎಂದು ಆಮೇಲೆ ಕೇಳಿದೆ.

ಎಪ್ಪತ್ತೊಂಬತ್ತರ ಜುಲೈ. ಮೂರು ದಿನ ಬಿಡದೆ ಮಳೆ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಬಿಲ್ಡಿಂಗಿನ ಹಿಂದಿನ ಮೂಲೆ ಮೇಲಿನಿಂದ ಕೆಳಗಿನ ತನಕ ಕುಸಿಯಿತು. ಶೇಖರ ಕೆಲಸದಲ್ಲಿದ್ದ. ಶೀಲಾವತಿ ಕಿಟಕಿಯ ಹತ್ತಿರ ಹೊಲಿಯುತ್ತಿದ್ದಳು. ಅವಳೂ ಸೇರಿ ನಾಲ್ಕು ಜನ ಹೋದರು.

ನನಗೆ ಸುದ್ದಿ ತಂದವಳು ವಾರಿಜಾ. ಯಾವತ್ತೂ ಹೋಟೆಲಿಗೆ ಕಾಲಿಡದವಳು ಅಂದು ಲೋಕಲ್ ಹತ್ತಿ, ದಾದರಿನಲ್ಲಿ ಗಾಡಿ ಬದಲಿಸಿ, ನೆನೆದು ಬಂದು ಗಲ್ಲಾದ ಎದುರು ನಿಂತಳು. "ಶೀಲ ಹೋದಳು," ಎಂದಳು. ಆಮೇಲೆ ನಡುಗುತ್ತ, "ದೇವರು ನಮ್ಮನ್ನು ಉಳಿಸಿದ ಇವ್ರೇ, ನಮ್ಮ ಮಕ್ಕಳನ್ನು ಉಳಿಸಿದ," ಎಂದು ಅತ್ತಳು. ಗಿರಾಕಿಗಳೆಲ್ಲ ನೋಡುತ್ತಿದ್ದರು. ನಾನು ಕೈಯಲ್ಲಿದ್ದ ಚಿಲ್ಲರೆಯನ್ನು ಮತ್ತೆ ಎಣಿಸಿದೆ.

ಮೂರನೆಯ ದಿನ ಅಣವೀರಪ್ಪ ಬಂದ. ಮುಖದ ತುಂಬ ಬಿಳಿ ಗಡ್ಡ, ಅಂಗಿಯೆಲ್ಲ ಕೆಸರು. ಮುಲುಂಡಿಗೆ ಹೋಗಿ ಎರಡು ದಿನ ಮಣ್ಣು ತೆಗೆಯುವವರ ಜೊತೆ ಸೇರಿ ಇಟ್ಟಿಗೆ ಎತ್ತಿ ಹಾಕಿದ್ದನಂತೆ. ಗಲ್ಲಾದ ಮೇಲಿದ್ದ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ನೀವು ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ ಚೆನ್ನಯಣ್ಣಾರ. ನೀವು ಹೇಳೂದು ಹೇಳಿದ್ರಿ. ಅವರು ಮಾಡಸ್ಲಿಲ್ಲ. ಪಾಪ ಅದು ನಂದು, ನನ್ನ ಈ ಕೈದು. ನಿಮಗ ಅದರಾಗ ಪಾಲಿಲ್ಲ."

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅವನು ಸಮಾಧಾನ ಮಾಡುತ್ತಲೇ ಇದ್ದ, ನಾನು ಮಾಡಿಸಿಕೊಳ್ಳುತ್ತಲೇ ಇದ್ದೆ.

"ಶೇಠ್ ಎಲ್ಲಿ ಅದಾನ ಯಾರಿಗೂ ಗೊತ್ತಿಲ್ಲ," ಎಂದ. "ಯಾರರ ಒಬ್ಬರು ಖರೇ ಹೇಳಬೇಕಲ್ರಿ. ನಾನ ಪೊಲೀಸ್ ಠಾಣೆಗಿ ಹೋಗ್ತೀನಿ. ಕಂಬ ಹೊಯ್ದಾವ ನಾ ಅಂತ ಹೇಳ್ತೀನಿ. ನಿಮ್ಮ ಹೆಸರೂ ಹೇಳ್ತೀನ್ರಿ. ಗೊತ್ತಾದ ಕೂಡ್ಲೆ ಎಲ್ಲರಿಗೂ ಹೇಳಿದ ಒಬ್ಬ ಮನುಷ್ಯ ಇದ್ದ ಅಂತ ಸರಕಾರಕ್ಕ ಗೊತ್ತಾಗ್ಲಿ."

ಗಲ್ಲಾದ ಮೇಲೆ ಕೂತಲ್ಲೇ ಲೆಕ್ಕ ಹಾಕಿದೆ. ಇವನು ಠಾಣೆಯಲ್ಲಿ ಬಾಯಿ ಬಿಟ್ಟರೆ ಸೆಕ್ರೆಟರಿಯನ್ನು ಕರೆಸುತ್ತಾರೆ, ಶೇಖರನನ್ನು ಕರೆಸುತ್ತಾರೆ. ನಮಗೆ ಯಾರೂ ಏನೂ ಹೇಳಿಲ್ಲ ಎಂದು ಇಬ್ಬರೂ ಹೇಳುತ್ತಾರೆ.

ನಾನು ಗಲ್ಲಾ ಬಿಟ್ಟು ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದೆ. "ಮೇಸ್ತ್ರಿ, ನಿಮಗೆ ಅರವತ್ತು ಹತ್ತಿರ ಬಂತು. ಜೈಲಿನಲ್ಲಿ ಸಾಯ್ತೀರಾ? ಮನೆಯವರನ್ನು ಯಾರು ನೋಡ್ತಾರೆ? ಹೋದವರು ಹೋದರು. ನೀವು ಊರಿಗೆ ಹೋಗಿ. ಇವತ್ತೇ ಹೋಗಿ," ಎಂದೆ. ಅವನ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ, ಹೆದರಿಕೆಯಿಂದ. ಅದನ್ನು ಅವನು ಬೇರೆ ಏನೋ ಎಂದು ತಿಳಿದ. ಇಷ್ಟಾದ ಮೇಲೂ ನನ್ನ ಮೇಲೆ ಇಷ್ಟು ಅಂತಃಕರಣವೇ ಎಂದು ಚಿಕ್ಕ ಮಗುವಿನ ಹಾಗೆ ಅತ್ತ.

ನಾನೇ ದಾದರಿಗೆ ಕರೆದುಕೊಂಡು ಹೋಗಿ ಗುಲ್ಬರ್ಗಕ್ಕೆ ಟಿಕೆಟ್ ತೆಗೆಸಿ ಗಾಡಿ ಹತ್ತಿಸಿದೆ. ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಗಾಡಿ ಪ್ಲಾಟ್‌ಫಾರ್ಮ್ ದಾಟುವ ತನಕ ನಾನು ಅಲ್ಲೇ ನಿಂತಿದ್ದೆ, ಅವನು ಇಳಿದುಬಿಟ್ಟರೆ ಎಂಬ ಭಯದಿಂದ. ಇಳಿಯಲಿಲ್ಲ. ಕೊನೆಯ ಡಬ್ಬಿ ಕಣ್ಣಿಗೆ ಮರೆಯಾದಾಗ ನನಗೆ ದುಃಖವಾಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಬಹಳ ಹಸಿವಾಯಿತು. ಸ್ಟೇಷನ್ನಿನ ಸ್ಟಾಲಿನಲ್ಲಿ ನಿಂತು ಎರಡು ವಡೆ ತಿಂದು, ಚಹಾ ಕುಡಿದು, ಗ್ರಾಂಟ್ ರೋಡಿನ ಲೋಕಲ್ ಹಿಡಿದು ಹೋಗಿ ಗಲ್ಲಾದ ಮೇಲೆ ಕೂತೆ.